ಧಾನ್ಯಗಳ ಏಳುಬೀಳು

ರಾಜವಂಶಗಳಿಗೆ ಇರುವಂತೆ ಮನುಷ್ಯನು ಉಣ್ಣುವ ಧಾನ್ಯಗಳಿಗೂ ಏಳುಬೀಳುಗಳುಂಟು. ರಾಜರ ಚರಿತ್ರೆಯನ್ನು ಶಿಲಾಶಾಸನಗಳು ಸಾರುತ್ತವೆ. ಧಾನ್ಯಗಳ ಚರಿತ್ರೆಯನ್ನಾದರೋ ಹೊಲ, ಹಗೇವು, ಒರಳುಗಳಲ್ಲಿ ಹುಡುಕಬೇಕಾಗುತ್ತದೆ. ನಮ್ಮ ಗದಗ ಸೀಮೆಯಲ್ಲಿ ಒಂದು ಕಾಲಕ್ಕೆ ಅನ್ನದ ಸ್ಥಾನದಲ್ಲಿದ್ದ ನವಣೆ, ಸಾವೆ, ಬರಗುಗಳು ಬಡವರ ಕೂಳೆನಿಸಿಕೊಂಡು ಹಿಂದೆ ಸರಿದವು. ಈಗ ಅವೇ ‘ಸಿರಿಧಾನ್ಯ’ವೆಂಬ ಬಿರುದನ್ನು ಧರಿಸಿ, ಅಕ್ಕಿಗಿಂತ ಮಿಗಿಲಾದ ಬೆಲೆಗೆ ಮಾರಾಟವಾಗುತ್ತಿವೆ. ಅಂದಿನ ತಿರಸ್ಕಾರವು ಪರೀಕ್ಷೆಯಿಂದ ಹುಟ್ಟಿದುದಾಗಿರಲಿಲ್ಲ. ಇಂದಿನ ಪುರಸ್ಕಾರವಾದರೂ ಹಾಗೆ ಹುಟ್ಟಿದುದೇ? ಇದನ್ನು ವಾಚಕರೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಧಾನ್ಯಗಳ ಹಿರಿಮೆಯ ವಿವಾದವು ನಮ್ಮ ನಾಡಿಗೆ ಹೊಸದಲ್ಲ. ನೆರೆಯ ಹಾವೇರಿ ಜಿಲ್ಲೆಯ ಬಾಡ ಗ್ರಾಮದವರೆಂದು ಪ್ರಸಿದ್ಧರಾದ ಕನಕದಾಸರು 16ನೆಯ ಶತಮಾನದಲ್ಲಿಯೇ ‘ರಾಮಧಾನ್ಯ ಚರಿತೆ’ಯನ್ನು ರಚಿಸಿ, ನರೆದಲಗವೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ನಡೆದ ವಾಗ್ವಾದವನ್ನು ವರ್ಣಿಸಿದ್ದಾರೆ. ತಾನು ಕುಲೀನರ ಆಹಾರವೆಂದು ಭತ್ತವು ಬೀಗುತ್ತದೆ. ಬಡವರನ್ನು ಸಲಹುವವನು ತಾನೆಂದು ರಾಗಿಯು ಪ್ರತಿಯಾಡುತ್ತದೆ. ಶ್ರೀರಾಮನು ಇಬ್ಬರ ಮಾತನ್ನೂ ನಂಬಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಬಳಿಕ ಹೊರತರಿಸಿ ನೋಡಿದನು. ಭತ್ತವು ಕಳೆಗುಂದಿತ್ತು, ರಾಗಿಯು ಕೆಡದೆ ಉಳಿದಿತ್ತು. ಈ ಕಾವ್ಯದಲ್ಲಿ ಸಾಮಾಜಿಕ ನ್ಯಾಯದ ಧ್ವನಿಯನ್ನು ವಿದ್ವಾಂಸರು ಗುರುತಿಸಿರುವುದು ಸರಿಯೇ ಆಗಿದೆ. ಅದರೊಡನೆ ಪರೀಕ್ಷೆಯಾದ ಬಳಿಕವೇ ಮರ್ಯಾದೆಯೆಂಬ ನೀತಿಯನ್ನೂ ನಾವು ಅದರಿಂದ ಗ್ರಹಿಸಬಹುದು.

ಇನ್ನು ನಮ್ಮ ಸೀಮೆಯ ಕಡೆಗೆ ತಿರುಗೋಣ. ಗದಗದ ಎರೆಭೂಮಿಯು ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳಿಗೆ ಹೆಸರಾದುದು. ಮುಂಡರಗಿ, ಶಿರಹಟ್ಟಿಗಳ ಕಡೆಗೆ, ಕಪ್ಪತಗುಡ್ಡದ ಸುತ್ತಣ ಮಸಾರಿ ನೆಲಕ್ಕೆ ಅಲ್ಪ ಮಳೆಯಲ್ಲಿಯೂ ಬರುವ ಸಾವೆ, ನವಣೆಗಳು ಒಪ್ಪುವಂಥವು. ಅವು ಹಿಂದೆ ಸರಿಯಲು ಕಾರಣಗಳು ಹಲವು. 1861 ರಿಂದ 1865ರ ವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದಿಂದ ಇಂಗ್ಲಂಡದ ಗಿರಣಿಗಳಿಗೆ ಅರಳೆಯ ಕೊರತೆಯಾಗಲು, ಧಾರವಾಡ ಪ್ರಾಂತದ ಹತ್ತಿಗೆ ಚಿನ್ನದ ಬೆಲೆ ಬಂದಿತು. 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಹತ್ತಿಯ ವ್ಯಾಪಾರವು ಇನ್ನಷ್ಟು ಬೇರೂರಿತು. ಎರಡನೆಯ ಕಾರಣವು ಒಳಮನೆಯದು. ಜೋಳವನ್ನು ಗಿರಣಿಗೆ ಕೊಟ್ಟರೆ ಹಿಟ್ಟು ಕೈಗೆ ಬರುತ್ತದೆ. ಸಾವೆ, ನವಣೆಗಳಾದರೋ ಸಿಪ್ಪೆ ಬಿಡಿಸಿದ ಹೊರತು ಅನ್ನವಾಗಲಾರವು. ಒರಳು ಒನಕೆಗಳ ಆ ದುಡಿಮೆಯೆಲ್ಲವೂ ಹೆಣ್ಣುಮಕ್ಕಳ ತೋಳುಗಳ ಮೇಲೆಯೇ ಬಿದ್ದಿತ್ತು. ಅಗ್ಗದ ಅಕ್ಕಿ ದೊರೆತೊಡನೆ ಅವರು ಒನಕೆಯನ್ನು ಮೂಲೆಗಿಟ್ಟುದನ್ನು ಅಜ್ಞಾನವೆನ್ನುವುದು ಅನ್ಯಾಯವಾದೀತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗೆ ಅಕ್ಕಿ ತಲುಪಿತು. ಹಸಿವನ್ನು ನೀಗಿದ ಆ ಅಕ್ಕಿಯನ್ನು ಹಳಿಯುವುದೂ ತರವಲ್ಲ.

ಧಾನ್ಯವೊಂದನ್ನೇ ತೂಗಿ ಊಟವನ್ನು ಮರೆತರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಕಠೋರವಾದ ಉದಾಹರಣೆಗಳಿವೆ. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ಮುಂಬಯಿ, ಮದ್ರಾಸು ಪ್ರಾಂತಗಳನ್ನೂ ಮೈಸೂರನ್ನೂ ತಲ್ಲಣಗೊಳಿಸಿತು. ಗದಗವು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಭಾರತ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬವರು, ಕ್ಷಾಮಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂಬ ಲೆಕ್ಕದಿಂದ 1877ರಲ್ಲಿ ಕೂಲಿಯನ್ನು ಗೊತ್ತುಮಾಡಿಸಿದರು. ಮದ್ರಾಸು ಪ್ರಾಂತದ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಕಾರ್ನಿಶ್ ಎಂಬವರು ಇದನ್ನು ಬಲವಾಗಿ ವಿರೋಧಿಸಿದರು. ಮೈಮುರಿದು ದುಡಿಯುವವನಿಗೆ ಅಷ್ಟು ಧಾನ್ಯ ಸಾಲದು. ಧಾನ್ಯದೊಡನೆ ಬೇಳೆಕಾಳುಗಳೂ ಬೇಕೆಂಬುದು ಅವರ ವಾದ. ಅವರು ಕೂಲಿಕಾರರ ಬಡಕಲು ದೇಹಗಳನ್ನು ಕಣ್ಣಾರೆ ಕಂಡವರಾಗಿದ್ದರು. ಅದೇ ವರ್ಷ ಮದ್ರಾಸು ಸರಕಾರವು ಕೂಲಿಯನ್ನು ಹೆಚ್ಚಿಸಿತು. ಆ ವೇಳೆಗೆ ಬಹಳ ಜೀವಗಳು ಹೋಗಿದ್ದವು.

ನಮ್ಮ ನೆಚ್ಚಿನ ಜೋಳವೂ ಈ ನಿಯಮಕ್ಕೆ ಹೊರತಲ್ಲ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧನೆಗಾಗಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಸಂಸ್ಥೆಯು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ಅಲ್ಲಿನ ಡಾಕ್ಟರ್ ಸಿ. ಗೋಪಾಲನ್ ಮತ್ತು ಡಾಕ್ಟರ್ ಎಸ್. ಜಿ. ಶ್ರೀಕಂಠಯ್ಯ ಇವರು 1960ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ದಖ್ಖನದ ಬಡ ಕೂಲಿಕಾರರಲ್ಲಿ ಬಹುಮಟ್ಟಿಗೆ ಜೋಳವೊಂದನ್ನೇ ಉಣ್ಣುವವರಿಗೆ ‘ಪೆಲಾಗ್ರ’ವೆಂಬ ರೋಗ ತಗಲುತ್ತಿತ್ತು. ಬಿಸಿಲು ಬೀಳುವೆಡೆಯಲ್ಲಿ ಚರ್ಮವು ಕಪ್ಪಿಟ್ಟು ಒಡೆಯುವುದು, ಭೇದಿಯಾಗುವುದು, ಬುದ್ಧಿಯು ಕದಡುವುದು ಅದರ ಲಕ್ಷಣಗಳು. ಅದೇ ಜೋಳದ ರೊಟ್ಟಿಯನ್ನು ಕಾಳಿನ ಪಲ್ಯ, ಸೊಪ್ಪು, ಹಿಂಡಿ, ಮಜ್ಜಿಗೆಗಳೊಡನೆ ಉಂಡ ಮನೆಗಳಲ್ಲಿ ಈ ರೋಗದ ಭಯವಿರಲಿಲ್ಲ. ಹೀಗೆ ರೊಟ್ಟಿಯ ಗುಣವು ಅದರ ಮಗ್ಗುಲಿಗೆ ಬಡಿಸಿದ ಪದಾರ್ಥಗಳನ್ನೂ ಅವಲಂಬಿಸಿದೆ.

ಇಂತಿರಲು, ಈಚಿನ ಪುರಸ್ಕಾರದ ಕಡೆಗೆ ನೋಡೋಣ. ಭಾರತ ಸರಕಾರವು 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಮಸಾರಿ ನೆಲದ ರೈತನಿಗೆ ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರ ಬೆನ್ನಿಗೇ, ಅಂಗೈಯೊಳಗಿನ ಮೊಬೈಲಿನ ಮೂಲಕ ಬಗೆಬಗೆಯ ಉಪದೇಶಗಳು ಮನೆಮನೆಯನ್ನು ಹೊಕ್ಕಿವೆ. ಇಂಥ ಧಾನ್ಯವನ್ನು ಇಷ್ಟು ವಾರ ಉಂಡರೆ ಮಧುಮೇಹವು ಮಾಯವಾಗುವುದೆಂದೂ ಔಷಧವೇ ಬೇಡವೆಂದೂ ಹೇಳುವವರಿದ್ದಾರೆ. ನಾರಿನಂಶ ಮಿಗಿಲಾದ ಧಾನ್ಯವು ಪಾಲಿಶ್ ಮಾಡಿದ ಅಕ್ಕಿಗಿಂತ ನಿಧಾನವಾಗಿ ರಕ್ತದ ಸಕ್ಕರೆಯನ್ನು ಏರಿಸುವುದು ನಿಜ. ಆದರೆ ಸಾವೆ, ನವಣೆಗಳಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ ಇದೆ. ಈ ಮಾತನ್ನು ನಂಬಿ ಔಷಧವನ್ನು ಬಿಟ್ಟ ರೋಗಿಯ ಹಾನಿಯನ್ನು ಉಪದೇಶಕನು ತುಂಬಿಕೊಡಬಲ್ಲನೇ?

ಅಂಕಿಗಳನ್ನು ಓದುವಲ್ಲಿಯೂ ವಿವೇಕ ಬೇಕು. 100 ಗ್ರಾಂ ಸಾವೆಯಲ್ಲಿ 9.3 ಮಿಲಿಗ್ರಾಂ ಕಬ್ಬಿಣವಿದೆಯೆಂದು ಹಿಂದಿನ ಕೋಷ್ಟಕಗಳಲ್ಲಿ ಅಚ್ಚಾಗಿತ್ತು. ಅದೇ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಹೊಸ ಕೋಷ್ಟಕದಲ್ಲಿ ಆ ಅಂಕಿಯು ಸುಮಾರು 1.3ಕ್ಕೆ ಇಳಿದಿದೆ. ತಳಿ, ಮಣ್ಣು, ಅಳೆಯುವ ವಿಧಾನ ಇವೆಲ್ಲವುಗಳಿಂದಲೂ ಇಂಥ ಅಂಕಿಗಳು ಬದಲಾಗುತ್ತವೆ. ಹಳೆಯ ಅಂಕಿಯು ಮಾತ್ರ ಇನ್ನೂ ಬಾಯಿಂದ ಬಾಯಿಗೆ ಹರಿದಾಡುತ್ತಲಿದೆ. ಇತ್ತ ರಾಗಿಯ ಸುಣ್ಣದ ಅಂಶವು ಎರಡೂ ಕೋಷ್ಟಕಗಳ ಪರೀಕ್ಷೆಯಲ್ಲಿ ಗೆದ್ದಿದೆ: 100 ಗ್ರಾಂ ರಾಗಿಯಲ್ಲಿ 340ಕ್ಕೂ ಮಿಕ್ಕಿ ಮಿಲಿಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಕನಕದಾಸರ ರಾಗಿಯು ಸೆರೆಮನೆಯಿಂದ ಎರಡನೆಯ ಸಲವೂ ಕೆಡದೆ ಹೊರಬಂದಿತೆನ್ನಬಹುದು!

ಆದುದರಿಂದ ಆಹಾರದ ವಿಷಯವಾಗಿ ಯಾರಾದರೂ ಉಪದೇಶಿಸಿದರೆ, ಹೇಳುವವನು ಅದನ್ನೇ ಮಾರುವವನೋ, ಅವನ ಮಾತನ್ನು ಯಾರ ಮೇಲೆ ಎಷ್ಟು ಕಾಲ ಪರೀಕ್ಷಿಸಿ ನೋಡಿದ್ದಾರೆ, ಆ ಪದಾರ್ಥದೊಡನೆ ತಾಟಿನಲ್ಲಿ ಮತ್ತೇನಿರಬೇಕು ಎಂದು ವಿಚಾರಿಸುವುದು ಮನೆಯ ಯಜಮಾನ ಯಜಮಾನಿಯರ ಕರ್ತವ್ಯವಾಗಿದೆ. ಹೀಗೆ ವಿಚಾರಿಸುವವರಿಗೆ ಉಪೇಕ್ಷಿತವಾದ ಎಷ್ಟೋ ಸತ್ವಯುತ ಪದಾರ್ಥಗಳು ಮನೆಯ ಬಾಗಿಲಲ್ಲಿಯೇ ಕಂಡುಬಂದಾವು. ಮೆಕ್ಸಿಕೋ ಮೂಲದ ಚಿಯಾ ಬೀಜವನ್ನು ಹೆಚ್ಚು ಬೆಲೆ ತೆತ್ತು ಕೊಳ್ಳುವವರು, ಅದರಲ್ಲಿರುವ ಹಿತಕರವಾದ ಕೊಬ್ಬೇ ನಮ್ಮ ಅಗಸೆಯಲ್ಲಿಯೂ ಹೇರಳವಾಗಿರುವುದನ್ನು ಮರೆತಿದ್ದಾರೆ. ಹೊಲದ ಬದುವಿನ ಹಕ್ಕರಿಕೆ, ಪುಂಡಿಪಲ್ಯ, ಎಳೆಯ ಕುಸುಬೆಯ ಸೊಪ್ಪು, ಗುರೆಳ್ಳು ಹಿಂಡಿ, ಮಡಿಕೆಕಾಳು ಇವುಗಳಿಗೆ ಬಿರುದು ಕೊಡುವವರಿಲ್ಲ. ವಾರದ ಸಂತೆಯಲ್ಲಿ ಇವುಗಳನ್ನು ಅಗ್ಗವಾಗಿ ಮಾರುವ ಅಜ್ಜಿಯರಿದ್ದಾರೆ. ನವಣೆಯ ಅನ್ನವು ವಾರದಲ್ಲಿ ಎರಡು ದಿನ ಮರಳಿ ಮನೆಗೆ ಬರಲಿ, ರೊಟ್ಟಿಯ ಮಗ್ಗುಲಿಗೆ ಕಾಳೂ ಸೊಪ್ಪೂ ತಪ್ಪದಿರಲಿ, ರೋಗಿಯ ಔಷಧವು ವೈದ್ಯರ ಮಾತಿನಂತೆಯೇ ನಡೆಯಲಿ. ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದಾಗ, ಬಲ್ಲವನು ಎಂಬ ಮಾತಿನಲ್ಲಿ ಅವರು ಇಟ್ಟ ಅರ್ಥವು ಇದೇ ಆಗಿರಬೇಕು.