ಕರನಿರಾಕರಣೆ: ಅಂಕೋಲೆ–ಸಿದ್ದಾಪುರದ ಸಾಮಾನ್ಯರ ಸಾಹಸ

ಸತ್ಯಾಗ್ರಹವೆಂದೊಡನೆ ನಮಗೆ ನೆನಪಾಗುವವರು ಮುಂದಾಳುಗಳು. ಅವರ ಭಾವಚಿತ್ರಗಳಿಗೆ ವರ್ಷಕ್ಕೊಮ್ಮೆ ಹಾರ ಹಾಕಿ ಕೃತಾರ್ಥರಾಗುತ್ತೇವೆ. ಅದು ಉಚಿತವೇ ಸರಿ. ಆದರೆ ಸಭೆಯಲ್ಲಿ ನಿಂತು ಮಾತಾಡಿ ಅರಿಯದ, ತುಂಡು ಗದ್ದೆಯನ್ನೋ ಅಡಿಕೆ ತೋಟವನ್ನೋ ನಂಬಿ ಬಾಳುತ್ತಿದ್ದ ಸಂಸಾರಸ್ಥರು ಒಂದು ಸಾಮ್ರಾಜ್ಯದೆದುರು ಹೇಗೆ ನಿಂತರು? ಇದಕ್ಕೆ ಉತ್ತರ ಹುಡುಕಲು ನಾವು ಬಹು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ, ಸಿದ್ದಾಪುರ ತಾಲೂಕುಗಳವರೆಗೆ ಹೋದರೆ ಸಾಕು. ಆ ಜಿಲ್ಲೆ ಅಂದು ಮುಂಬಯಿ ಇಲಾಖೆಗೆ ಸೇರಿತ್ತು. ಅಲ್ಲಿಯ ರೈತನ ಹಣೆಬರಹದ ಕಡೆಯ ಅಪ್ಪಣೆ ಹೊರಡುತ್ತಿದ್ದುದು ನಾವಿಂದು ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಇದೇ ನಗರದಿಂದ. ಮುಂಬಯಿಯ ಕನ್ನಡಿಗರಾದ ನಮಗೆ ಈ ಕಥೆ ಎರಡು ಕಡೆಯಿಂದಲೂ ನಂಟು.

ಮೊದಲು ಉಪ್ಪಿನ ಮಾತು. ೧೯೩೦ರ ಏಪ್ರಿಲ್ ೬ರಂದು ಗಾಂಧೀಜಿಯವರು ದಂಡಿಯ ಕಡಲ ತೀರದಲ್ಲಿ ಉಪ್ಪೆತ್ತಿದರು. ಸರಿಯಾಗಿ ಒಂದು ವಾರ ಕಳೆದು, ಏಪ್ರಿಲ್ ೧೩ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದರು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ತಲೆಮಾರುಗಳಿಂದ ಉಪ್ಪು ಬೆಳೆಯುವ ಕರಾವಳಿ ಅದು. ತಮ್ಮ ಕಡಲಿನ ಉಪ್ಪಿಗೆ ತಾವೇ ತೆರಿಗೆ ತೆರಬೇಕಾದ ಅನ್ಯಾಯವನ್ನು ಅಲ್ಲಿಯ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನವೂ ಒಲೆಯ ಮುಂದೆ ಅವರಿಗೆ ಅದು ಗೊತ್ತಾಗುತ್ತಿತ್ತು. ಹೀಗೆ ತಯಾರಿಸಿದ ಉಪ್ಪನ್ನು ಬಹಿರಂಗವಾಗಿಯೇ ಲಿಲಾವು ಹಾಕಿದರು. ಕದ್ದುಮುಚ್ಚಿ ಮಾಡಿದ್ದರೆ ಅದು ಕಳ್ಳ ವ್ಯಾಪಾರವೆನಿಸುತ್ತಿತ್ತು. ಹತ್ತು ಜನರೆದುರು ಮಾಡಿ, ಶಿಕ್ಷೆಗೂ ಸಿದ್ಧರಾಗಿ ನಿಂತುದರಿಂದ ಅದು ಸತ್ಯಾಗ್ರಹವಾಯಿತು.

ಉಪ್ಪಿಗಿಂತಲೂ ಕಠಿನವಾದ ಪರೀಕ್ಷೆ ಬಂದುದು ಕಂದಾಯದ ವಿಷಯದಲ್ಲಿ. ಜಗತ್ತನ್ನೆಲ್ಲ ಆವರಿಸಿದ ಮುಗ್ಗಟ್ಟಿನಿಂದ ಅಡಿಕೆ, ಬತ್ತಗಳ ಧಾರಣೆ ಬಿದ್ದುಹೋಗಿತ್ತು. ಕಂದಾಯ ಮಾತ್ರ ಇಳಿಯಲಿಲ್ಲ. ೧೯೩೧ರ ಮೊದಲಲ್ಲಿ ಈ ತಾಲೂಕುಗಳ ರೈತರು ಕಂದಾಯ ಕೊಡುವುದಿಲ್ಲವೆಂದು ನಿಂತರು. ಮಾರ್ಚ್ ೫ರ ಗಾಂಧಿ–ಇರ್ವಿನ್ ಒಪ್ಪಂದದಿಂದ ಚಳವಳಿ ನಿಂತಿತು. ೧೯೩೨ರ ಜನವರಿಯಲ್ಲಿ ಗಾಂಧೀಜಿಯವರ ಬಂಧನವಾದ ಮೇಲೆ ಮತ್ತೆ ಹೊತ್ತಿಕೊಂಡಿತು. ೧೯೨೮ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ತೋರಿದ ದಾರಿಯಲ್ಲೇ ನಡೆದ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದಿತು.

ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕಿನಲ್ಲಿ ಕುಳಿತು ಲೆಕ್ಕ ಬರೆಯುವ ನಮ್ಮಂಥವರಿಗೆ ಅದು ಬೇಗ ಹೊಳೆಯುತ್ತದೆ. ಅಡವಿಟ್ಟ ಒಡವೆಯಾಗಲಿ ಜಮೀನಾಗಲಿ, ಕೊಳ್ಳುವವನಿದ್ದರೆ ಮಾತ್ರ ಅದಕ್ಕೆ ಬೆಲೆ. ಕಂದಾಯ ಬಾಕಿಯಾದರೆ ಸರ್ಕಾರ ನೋಟೀಸು ಕೊಡುತ್ತದೆ, ಜಪ್ತಿ ಮಾಡುತ್ತದೆ, ಲಿಲಾವು ಕೂಗುತ್ತದೆ. ಕೂಗಿದಾಗ ಸವಾಲು ಹಾಕುವವರೇ ಇಲ್ಲದಿದ್ದರೆ? ಕಂದಾಯ ಕೊಡದವನು ಒಬ್ಬನಾದರೆ, ಅವನ ಗದ್ದೆಗೆ ಸವಾಲು ಹಾಕದ ನೆರೆಯವರು ಹತ್ತು ಜನ. ಈ ಹತ್ತು ಜನರ ಹೆಸರು ಜೈಲಿನ ದಫ್ತರದಲ್ಲಿ ಸಿಗುವುದಿಲ್ಲ. ಆದರೂ ಅಗ್ಗದಲ್ಲಿ ಬರುವ ಜಮೀನಿನ ಆಸೆಯನ್ನು ನುಂಗಿಕೊಂಡು ಸುಮ್ಮನೆ ನಿಂತುದು ಸಣ್ಣ ತ್ಯಾಗವಲ್ಲ. ಸಾಮಾನ್ಯ ಮನುಷ್ಯನಿಗೆ ನಿಲುಕುವ ಪ್ರತಿಭಟನೆಯೆಂದರೆ ಇದೇ ಎಂದು ನಮ್ಮ ಭಾವನೆ.

ಎಲ್ಲರೂ ಹೀಗೆ ನಿಲ್ಲಲಿಲ್ಲವೆಂಬುದೂ ನಿಜ. ಲಿಲಾವಿನಲ್ಲಿ ಕೊಂಡವರೂ ಇದ್ದರು. ಜಿಲ್ಲೆಯಲ್ಲಿ ಎಂಟುನೂರಕ್ಕೂ ಹೆಚ್ಚು ಕುಟುಂಬಗಳು ಆಸ್ತಿ ಕಳೆದುಕೊಂಡವು. ಗಂಡಸರು ಹಿಂಡಲಗಿ, ಯರವಡ ಜೈಲುಗಳನ್ನು ಸೇರಿದರು. ಆಗ ಮುಂದೆ ಬಂದವರು ಹೆಂಗಸರು. ಸಿದ್ದಾಪುರ ತಾಲೂಕಿನಲ್ಲಿ, ಜೋಗಕ್ಕೆ ಸಮೀಪದ ಮಾವಿನಗುಂಡಿಯಲ್ಲಿ, ೧೯೩೨ರಲ್ಲಿ ಅವರು ಮಾಡಿದ್ದು ಅಪೂರ್ವವಾದ ಕೆಲಸ. ಸತ್ಯಾಗ್ರಹಿಗಳ ಜಮೀನನ್ನು ಲಿಲಾವಿನಲ್ಲಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಬೈಗುಳವಿಲ್ಲ, ಕಲ್ಲೆಸೆತವಿಲ್ಲ, ಬೆಳೆದ ಪೈರಿಗೆ ಕೈ ಹಚ್ಚಲಿಲ್ಲ. ಮನೆಯ ಮುಂದೆ ಒಬ್ಬಳು ತಾಯಿ ಹಸಿದು ಕುಳಿತಿರುವಾಗ ಒಳಗೆ ಎಲೆ ಹಾಕಿ ಉಣ್ಣಲು ಯಾರಿಗೆ ಮನಸ್ಸು ಬಂದೀತು? ವ್ರತ ಉಪವಾಸಗಳು ನಮ್ಮ ಹೆಂಗಸರಿಗೆ ಹೊಸವಲ್ಲ. ಹಿರಿಯರಿಂದ ಬಂದ ಆ ಅಭ್ಯಾಸವನ್ನೇ ಅವರು ನಾಡಿನ ಕೆಲಸಕ್ಕೆ ತಿರುಗಿಸಿದರು.

ಇಲ್ಲಿ ಒಂದು ಸಂದೇಹ ಏಳಬಹುದು. ಇನ್ನೊಬ್ಬರ ಬಾಗಿಲಲ್ಲಿ ಉಪವಾಸ ಕೂಡುವುದು ಒಂದು ಬಗೆಯ ಬಲಾತ್ಕಾರವಲ್ಲವೆ? ಪ್ರಶ್ನೆ ತಳ್ಳಿಹಾಕುವಂಥದಲ್ಲ. ಬಹಿಷ್ಕಾರವಾಗಲಿ ಉಪವಾಸವಾಗಲಿ ಮೇರೆ ಮೀರಿದರೆ ನೆರೆಯವನನ್ನು ಹಗೆಯಾಗಿಸುತ್ತದೆ. ಚಳವಳಿ ಮುಗಿದ ಮೇಲೂ ಅದೇ ಊರಿನಲ್ಲಿ, ಅದೇ ಬಾವಿಯ ನೀರು ಕುಡಿದು ಇಬ್ಬರೂ ಬಾಳಬೇಕಲ್ಲ! ಮಾವಿನಗುಂಡಿಯ ತಾಯಂದಿರು ನೋವನ್ನು ತಮ್ಮ ಮೈಮೇಲೆ ತೆಗೆದುಕೊಂಡರೇ ಹೊರತು ಎದುರಿನವರ ಮೇಲೆ ಹೇರಲಿಲ್ಲ. ಕೊಂಡವನು ಮರಳಿ ನಮ್ಮವನಾಗಲೆಂಬುದು ಅವರ ಆಸೆ, ಅವನು ಹಾಳಾಗಲೆಂದಲ್ಲ. ಇಂದು ಹಕ್ಕಿಗಾಗಿ ಬೀದಿಗಿಳಿಯುವವರು ಈ ವಿವೇಕವನ್ನು ಮರೆಯಬಾರದು.

ಫಲ ಕೂಡಲೇ ಕೈಗೆ ಬರಲಿಲ್ಲ. ಆಸ್ತಿ ಹೋದವರು ವರ್ಷಗಟ್ಟಲೆ ಕಾದರು. ತಂದೆಯ ಹಟಕ್ಕೆ ಮಕ್ಕಳೂ ಬೆಲೆ ತೆತ್ತರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ೧೯೩೭ರಲ್ಲಿ ಮುಂಬಯಿ ಇಲಾಖೆಯಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲ ಬಂದಿತು. ಮರುವರ್ಷವೇ, ಸತ್ಯಾಗ್ರಹದಲ್ಲಿ ಹೋದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸುವ ಕಾಯಿದೆಯಾಯಿತು. ಗುಜರಾತಿನ ರೈತರ ಜೊತೆಗೆ ನಮ್ಮ ಉತ್ತರ ಕನ್ನಡದ ರೈತರಿಗೂ ಅದರ ಪ್ರಯೋಜನ ದೊರೆಯಿತು. ಯಾವ ನಗರದ ಅಪ್ಪಣೆಯಿಂದ ಗದ್ದೆ ಹೋಗಿತ್ತೋ ಅದೇ ನಗರದ ಕಾಯಿದೆಯಿಂದ ಅದು ಮರಳಿ ಬಂದಿತು.

೧೯೫೬ರ ನವೆಂಬರ್ ೧ರಂದು ಆ ಜಿಲ್ಲೆ ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿತು. ನಾವಾದರೋ ಇಲ್ಲೇ ಉಳಿದವರು, ಅನಂತರ ಬಂದು ಸೇರಿದವರು. ನಮ್ಮ ಸಂಘದ ಸದಸ್ಯರಲ್ಲಿ ಅಂಕೋಲೆ, ಸಿದ್ದಾಪುರ, ಶಿರಸಿ, ಕುಮಟೆಯ ಕಡೆಯವರು ಇಲ್ಲದಿಲ್ಲ. ಅವರ ಮನೆಯ ಹಳೆಯ ಟ್ರಂಕಿನ ಅಡಿಯಲ್ಲಿ ಜಪ್ತಿ ನೋಟೀಸೊಂದು, ಜೈಲಿನ ಕಾಗದವೊಂದು ಇಂದಿಗೂ ಇದ್ದೀತು. ಅಂದು ಗಂಜಿ ಕುಡಿದು ದಿನ ದೂಡಿದ ಅಜ್ಜಿಯ ಮಾತು ಮೊಮ್ಮಕ್ಕಳ ನೆನಪಿನಲ್ಲಿದ್ದೀತು. ಅಂಥವರು ಅದನ್ನು ಬರೆದಿಡಲಿ. ಮುಂದಿನ ವರ್ಷದ ಸಂಚಿಕೆಗೆ ಕಳಿಸಿಕೊಡಲಿ. ಮುಂದಾಳುಗಳ ಚರಿತ್ರೆಯನ್ನು ಬರೆಯಲು ಪಂಡಿತರಿದ್ದಾರೆ. ಸವಾಲು ಹಾಕದೆ ಸುಮ್ಮನೆ ನಿಂತ ನೆರೆಯವನ ಚರಿತ್ರೆಯನ್ನು ನಾವೇ ಬರೆಯಬೇಕು.