ಭದ್ರಾವತಿಯ ಹೊಗೆ ಯಾವ ಲೆಕ್ಕಕ್ಕೆ?

ಒಂದು ದೇಶ ಮುಂದಿನ ಹತ್ತು ವರ್ಷ ಎಷ್ಟು ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ ಅಂತ ಹೇಳೋದು ಹೇಗೆ? ನನ್ನಂಥ ಸಾಫ್ಟ್‌ವೇರಿನವರಿಗೆ ತಟ್ಟನೆ ನೆನಪಾಗೋದು ಅರಿಮಾ. 1970ರಲ್ಲಿ ಬಾಕ್ಸ್ ಮತ್ತು ಜೆಂಕಿನ್ಸ್ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ವಿಧಾನ. ಹಿಂದಿನ ಅಂಕಿ ಎಷ್ಟಿತ್ತು, ಹಿಂದಿನ ಅಂದಾಜು ಎಷ್ಟು ತಪ್ಪಿತ್ತು, ಇವೆರಡನ್ನು ನೋಡಿ ಮುಂದಿನದನ್ನು ಹೇಳುತ್ತದೆ. ಹೊಗೆ ಯಾಕೆ ಬಂತು ಅಂತ ಕೇಳುವುದಿಲ್ಲ. ಜಪಾನಿನ ಯೋಯಿಚಿ ಕಾಯಾ ಅವರ ಸೂತ್ರ ಸ್ವಲ್ಪ ಕೇಳುತ್ತದೆ: ಜನಸಂಖ್ಯೆ, ತಲಾ ಉತ್ಪನ್ನ, ಉತ್ಪನ್ನಕ್ಕೆ ತಗಲುವ ಶಕ್ತಿ, ಆ ಶಕ್ತಿಯಲ್ಲಿನ ಇಂಗಾಲ. ನಾಲ್ಕನ್ನೂ ಗುಣಿಸಿ, ಅಷ್ಟೇ.

ಎರಡಕ್ಕೂ ಹಳೆಯ ಅಂಕಿ ಬೇಕು. ಆಗ ಯಾರೂ ಚಿಮಣಿಗೆ ಮೀಟರ್ ಕಟ್ಟಿರಲಿಲ್ಲವಲ್ಲ! ಎಷ್ಟು ಕಲ್ಲಿದ್ದಲು, ಎಣ್ಣೆ, ಅನಿಲ ಉರಿಯಿತು, ಎಷ್ಟು ಸಿಮೆಂಟ್ ತಯಾರಾಯಿತು ಅಂತ ನೋಡಿ ಆಮೇಲೆ ಲೆಕ್ಕ ಹಾಕಿದ್ದು.

ನಮ್ಮ ಭದ್ರಾವತಿ ತಪ್ಪಿಸಿಕೊಳ್ಳೋದು ಇಲ್ಲೇ. ಸರ್ ಎಂ.ವಿ. ಕನಸಿನ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಮಾತ್ರ ಇರಲಿಲ್ಲ. ಹಾಗಾಗಿ ಮಲೆನಾಡಿನ ಮರ ಇದ್ದಿಲಾಯಿತು, ಇದ್ದಿಲಿನಿಂದ ಕಬ್ಬಿಣವಾಯಿತು. ಕಲ್ಲಿದ್ದಲಿನ ಪಟ್ಟಿಯಲ್ಲಿ ಹುಡುಕಿದರೆ ಆ ಇದ್ದಿಲಿನ ಹೊಗೆ ಸೊನ್ನೆ! ಇವತ್ತಿನ ಐಪಿಸಿಸಿ ನಿಯಮದಲ್ಲೂ ಸೌದೆ-ಇದ್ದಿಲಿನ ಡೈಆಕ್ಸೈಡನ್ನು ಶಕ್ತಿಯ ಮೊತ್ತಕ್ಕೆ ಕೂಡಿಸುವುದಿಲ್ಲ. ಕಾಡು ಕಡಿದ ನಷ್ಟ ಭೂಬಳಕೆಯ ಖಾತೆಗೆ ಹೋಗುತ್ತದೆ. ಒಂದನ್ನೇ ಎರಡು ಸಲ ಎಣಿಸಬಾರದು, ಸರಿಯೇ. ಆದರೆ ಮಾಡೆಲ್‌ಗೆ ಮೊದಲ ಖಾತೆ ಮಾತ್ರ ಕೊಟ್ಟರೆ ಅದಕ್ಕೆ ಕಾಡು ಕಾಣುವುದೇ ಇಲ್ಲ.

ಇನ್ನೊಂದು ತೊಡಕು. 1950ರ ದಶಕದಲ್ಲಿ ಜೋಗದ ನೀರಿನ ಬಲದಿಂದ ಇಲ್ಲಿ ವಿದ್ಯುತ್ ಕುಲುಮೆಗಳು ಬಂದವು. 1920ರ ದಶಕದ ಅಂಕಿಗಳನ್ನು ಎಷ್ಟು ಅರೆದರೂ ಈ ತಿರುವು ಹೊರಬರುತ್ತಿರಲಿಲ್ಲ. ಅದು ಸರ್ಕಾರದ ನಿರ್ಧಾರ, ಗೆರೆಯ ಓಟವಲ್ಲ. 2020ರ ಲಾಕ್‌ಡೌನೂ ಅಷ್ಟೇ, ಯಾವ ಅರಿಮಾಗೂ ಮೊದಲೇ ಗೊತ್ತಿರಲಿಲ್ಲ.

2023ರ ಜನವರಿಯಲ್ಲಿ, ಕಾರ್ಖಾನೆಗೆ ಸರಿಯಾಗಿ ನೂರು ತುಂಬಿದಾಗ, ಸೈಲ್ ಅದನ್ನು ಮುಚ್ಚುವ ನಿರ್ಧಾರ ಮಾಡಿತು. ಕಾರ್ಮಿಕರು ಬೀದಿಗಿಳಿದರು. ಆಗಸ್ಟ್‌ನಲ್ಲಿ ಕೆಲವು ಯಂತ್ರಗಳು ಮತ್ತೆ ತಿರುಗಿದವು. ದೇಶದ ಗ್ರಾಫಿನಲ್ಲಿ ಇದು ಕಣ್ಣಿಗೂ ಬೀಳದ ಅಲುಗು. ಊರಿಗೆ ಅನ್ನದ ಪ್ರಶ್ನೆ. ಅದಕ್ಕೇ ನನಗನ್ನಿಸೋದು, ಗೆರೆ ಇಳಿದಾಗ ಖುಷಿಪಡುವ ಮೊದಲು ಯಾಕೆ ಇಳಿಯಿತು ಅಂತ ಕೇಳಬೇಕು. ಒಳ್ಳೆಯ ತಂತ್ರಜ್ಞಾನ ಬಂದರೂ ಇಳಿಯುತ್ತದೆ, ಒಲೆ ಆರಿದರೂ ಇಳಿಯುತ್ತದೆ.

ಶಿವಮೊಗ್ಗ, ಭದ್ರಾವತಿ ಕಡೆಯವರೇ, ಇದ್ದಿಲಿನ ಕಾಲದ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳಿದ್ದರೆ ಬರೆದಿಡಿ. ಯಾವ ಪಟ್ಟಿಯಲ್ಲೂ ಇಲ್ಲದ ಅಂಕಿ ಅದು :-)