ಹಳೇ ಸೈಟು ನೀರೊಳಗಿದೆ

ಬೆಂಗಳೂರಿನಲ್ಲಿ ಸೈಟು ಅಂದ್ರೆ 30×40. ಆಫೀಸಿನಲ್ಲಿ ಸೈಟು ಅಂದ್ರೆ ವೆಬ್‌ಸೈಟು, ಅದೃಷ್ಟ ಇದ್ರೆ ಆನ್‌ಸೈಟು. ಕಲಾವಿದರ ಬಾಯಲ್ಲಿ ಈ ಪದಕ್ಕೆ ಮೂರನೆಯ ಅರ್ಥವೊಂದಿದೆ. ‘ಸೈಟ್ ಸ್ಪೆಸಿಫಿಕ್’ ಕಲೆ ಅಂತ ಅವರು ಹೇಳುವುದು, ಒಂದು ನಿರ್ದಿಷ್ಟ ಜಾಗಕ್ಕಾಗಿಯೇ, ಆ ಜಾಗದ ಮಣ್ಣು, ಬೆಳಕು, ಜನರ ಓಡಾಟ ನೋಡಿಕೊಂಡು ಮಾಡಿದ ಕೃತಿಗೆ. ಅದನ್ನು ಕಿತ್ತು ಇನ್ನೊಂದು ಕಡೆ ಇಟ್ಟರೆ ಅದು ಅದೇ ಕೃತಿ ಆಗಿರಲ್ಲ ಅನ್ನೋದು ಅವರ ವಾದ.

ಈ ವಾದ ನ್ಯೂಯಾರ್ಕ್‌ನಲ್ಲಿ ಕಟಕಟೆ ಹತ್ತಿತ್ತು. ರಿಚರ್ಡ್ ಸೆರ್ರಾ ಎಂಬ ಶಿಲ್ಪಿ 1981ರಲ್ಲಿ ಅಲ್ಲಿನ ಫೆಡರಲ್ ಪ್ಲಾಜಾದಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದ. ಹೆಸರು ‘ಟಿಲ್ಟೆಡ್ ಆರ್ಕ್’. ಸುತ್ತಲ ಕಚೇರಿಗಳ ನೌಕರರಿಗೆ ದಿನಾ ಅದನ್ನು ಸುತ್ತಿ ಹೋಗುವ ಕರ್ಮ. ತೆಗೀರಿ ಅಂದರು. ಬೇರೆ ಕಡೆ ಇಡೋಣ ಅಂದರೆ, ಜಾಗ ಬದಲಿಸಿದರೆ ಕೃತಿಯನ್ನೇ ನಾಶ ಮಾಡಿದ ಹಾಗೆ ಅಂತ ಸೆರ್ರಾ ಪಟ್ಟು ಹಿಡಿದ. 1985ರ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಿದ 180 ಜನರಲ್ಲಿ 122 ಮಂದಿ ಇರಲಿ ಅಂದರು, 58 ಮಂದಿ ಬೇಡ ಅಂದರು. ಆದರೂ 1989ರ ಮಾರ್ಚ್‌ನಲ್ಲಿ ಅದನ್ನು ತುಂಡು ಮಾಡಿ ಸಾಗಿಸಿದರು. ಬಹುಮತ ಬಂದರೂ ಸೋಲಬಹುದು ಅನ್ನೋದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ ಬಿಡಿ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಬೂಕನಕೆರೆ ಸೀಮೆ. ಟಿವಿ ನೋಡುವವರಿಗೆ ಬೂಕನಕೆರೆ ಅಂದ್ರೆ ಯಡಿಯೂರಪ್ಪನವರು ಹುಟ್ಟಿದ ಊರು, ಅಷ್ಟೇ. ಆದರೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಸುಮ್ಮನೆ ಬೈಕ್ ಹತ್ತಿ ಒಂದು ಸುತ್ತು ಹಾಕಿದರೆ ಸಾಕು, ಹೊಯ್ಸಳರ ಕಾಲದ ಗುಡಿಗಳು ಒಂದರ ಹಿಂದೆ ಒಂದು ಸಿಗುತ್ತವೆ. ಕಿಕ್ಕೇರಿಯ ಬ್ರಹ್ಮೇಶ್ವರ 1171ರದ್ದು, ಕಟ್ಟಿಸಿದವಳು ಒಬ್ಬ ಹೆಂಗಸು, ಬಮ್ಮವೆ ನಾಯಕಿತಿ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಐದು ಗರ್ಭಗುಡಿ ಸಾಲಾಗಿ ನಿಂತಿವೆ, ಐದಕ್ಕೂ ಒಂದೊಂದು ಗೋಪುರ. ಇಂಥ ನಕ್ಷೆ ಹೊಯ್ಸಳರಲ್ಲೇ ಅಪರೂಪ. 1250ರ ಸುಮಾರಿನ ಹೊಸಹೊಳಲಿನ ಲಕ್ಷ್ಮೀನಾರಾಯಣದಲ್ಲಿ ಮೂರು ಗರ್ಭಗುಡಿ ಇದ್ದರೂ ಗೋಪುರ ಮಧ್ಯದ್ದಕ್ಕೆ ಮಾತ್ರ. ಅದರ ಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ ಭಾರತದ ಕಥೆ, ಮಕರ, ಹಂಸ ಅಂತ ಪಟ್ಟಿಯ ಮೇಲೆ ಪಟ್ಟಿ. ಜಗಲಿಯ ಅಂಚು ಗುಡಿಯ ಗೋಡೆ ಎಲ್ಲೆಲ್ಲಿ ಮುರಿಯುತ್ತದೋ ಅಲ್ಲಲ್ಲೇ ಮುರಿಯುತ್ತದೆ. ಅದರ ಮೇಲೆ ಪ್ರದಕ್ಷಿಣೆ ಬರುವವನ ಕಾಲು ಕಥೆಯ ಓಟಕ್ಕೆ ತಕ್ಕ ಹಾಗೆ ತಿರುಗುತ್ತಾ ಹೋಗುತ್ತೆ. ಓಡಾಡುವ ಜನರನ್ನು ಲೆಕ್ಕಕ್ಕೆ ತಗೊಂಡು ಮಾಡಿದ ಕಲೆ ಅಂದ್ರೆ ಇದೇ ಅಲ್ವಾ?

ಗೋವಿಂದನಹಳ್ಳಿಯಲ್ಲಿ ಕೆಲಸ ಮಾಡಿದವರ ಪೈಕಿ ರೂವಾರಿ ಮಲ್ಲಿತಮ್ಮನ ಹೆಸರು ಬರುತ್ತದೆ. 1196ರ ಅಮೃತಪುರದಿಂದ ಹಿಡಿದು 1268ರ ಸೋಮನಾಥಪುರದ ತನಕ ಈ ಹೆಸರು ಸಿಗುತ್ತೆ. ಎಪ್ಪತ್ತೆರಡು ವರ್ಷ! ಒಬ್ಬನೇ ಮಲ್ಲಿತಮ್ಮನೋ, ತಾತ ಮೊಮ್ಮಗ ಇಬ್ಬರಿಗೂ ಒಂದೇ ಹೆಸರೋ ಅಂತ ನನಗೆ ಗುಮಾನಿ. ಹೇಗೇ ಇರಲಿ, ಅವನಿಗೆ ಸ್ಟುಡಿಯೋ ಅಂತ ಒಂದು ಕಡೆ ಇರಲು ಸಾಧ್ಯವಿಲ್ಲ. ಗುಡಿ ಏಳುವ ಊರಲ್ಲಿ ನೆರಳಿಗೊಂದು ಚಪ್ಪರ, ಅದರ ಕೆಳಗೆ ಬಳಪದ ಕಲ್ಲು, ಉಳಿ, ಸುತ್ತಿಗೆ. ಈಗಲೂ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಶಿಲ್ಪಿಗಳು ಮನೆ ಪಕ್ಕದ ಶೆಡ್ಡುಗಳಲ್ಲೇ ಕೂತು ಕೆತ್ತುವುದನ್ನು ನೋಡಬಹುದು. ಒಂದು ವ್ಯತ್ಯಾಸ ಏನಂದ್ರೆ, ಅಲ್ಲಿ ಕೆತ್ತಿದ ವಿಗ್ರಹ ಲಾರಿ ಹತ್ತಿ ಯಾವ ಊರಿಗೆ ಬೇಕಾದರೂ ಹೋಗುತ್ತೆ.

ಈಗ ಕನ್ನಂಬಾಡಿಗೆ ಬರೋಣ. ನಮ್ಮ ಸೀಮೆಯಲ್ಲಿ ಸೆರ್ರಾನ ಪ್ರಶ್ನೆಗೆ ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ.

1911ರಲ್ಲಿ ಕೃಷ್ಣರಾಜ ಸಾಗರದ ಕೆಲಸ ಶುರುವಾಯಿತು. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರ ಯೋಜನೆ, ಸುರ್ಕಿ ಗಾರೆಯ ಕಟ್ಟೆ. ಮಂಡ್ಯದ ಗದ್ದೆಗೆ ನೀರು ಬಂದ ಕಥೆ ಎಲ್ಲರಿಗೂ ಗೊತ್ತು, ನಾನೂ ಆ ನೀರಿನ ಅನ್ನ ತಿಂದವನೇ. ಆದರೆ ನೀರು ನಿಂತ ಕಡೆ ಕನ್ನಂಬಾಡಿ ಎಂಬ ಊರಿತ್ತು, ಸುತ್ತ ಇನ್ನೂ ಹಳ್ಳಿಗಳಿದ್ದವು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಇತ್ತು. ಜನ ಎದ್ದು ಬಂದು ಹೊಸ ಕನ್ನಂಬಾಡಿಯಲ್ಲಿ ನೆಲೆಸಿದರು. ಊರಿನ ಹೆಸರನ್ನು ಜೊತೆಗೆ ಹೊತ್ತು ತಂದರು. ಗುಡಿಯ ಕಟ್ಟಡ ಮಾತ್ರ ಅಲ್ಲೇ ಉಳಿದು ಮುಳುಗಿತು. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದು ನೀರಲ್ಲಿತ್ತು. 2000ದ ಆಸುಪಾಸಿನ ಬರಗಾಲದಲ್ಲಿ ನೀರು ಇಳಿದು ಕಂಬ ಗೋಡೆ ಮೇಲೆ ಬಂದವು, ಜನ ನೋಡಲು ಮುಗಿಬಿದ್ದರು.

ಆಮೇಲೆ ಶ್ರೀಹರಿ ಖೋಡೆಯವರ ಪ್ರತಿಷ್ಠಾನ ಗುಡಿಯನ್ನು ಎತ್ತಿ ತರುವ ಕೆಲಸಕ್ಕೆ ಕೈಹಾಕಿತು. ಕಲ್ಲು ಕಲ್ಲಿನ ಫೋಟೊ ತೆಗೆದು, ನಂಬರ್ ಹಾಕಿ, ಬಿಚ್ಚಿ, ಒಂದು ಕಿಲೋಮೀಟರಿನಷ್ಟು ದೂರದ ಎತ್ತರದ ಜಾಗದಲ್ಲಿ ಮತ್ತೆ ಅದೇ ಕ್ರಮದಲ್ಲಿ ಜೋಡಿಸಿದರು. 2011ರ ಹೊತ್ತಿಗೆ ಗುಡಿ ಎದ್ದು ನಿಂತಿತು. ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟುವ ಹಳೇ ಪದ್ಧತಿ ಇಲ್ಲಿ ಕೈಹಿಡಿಯಿತು. ಕಾಂಕ್ರೀಟಿನಲ್ಲಿ ಒಂದೇ ಅಚ್ಚಾಗಿ ಎರಕ ಹೊಯ್ದಿದ್ದರೆ ಹೀಗೆ ಬಿಚ್ಚಿ ಜೋಡಿಸುವ ಮಾತೇ ಇರಲಿಲ್ಲ.

ನನ್ನಂಥ ಸಾಫ್ಟ್‌ವೇರ್‌ನವನಿಗೆ ಇದು ತುಂಬಾ ಪರಿಚಿತ ಕೆಲಸ. ಹಳೇ ಸರ್ವರ್‌ನಿಂದ ಹೊಸದಕ್ಕೆ ಎಲ್ಲವನ್ನೂ ಪಟ್ಟಿ ಮಾಡಿ ಸಾಗಿಸ್ತೀವಿ, ಒಂದು ಫೈಲೂ ಬಿಟ್ಟಿಲ್ಲ ಅಂತ ತಾಳೆ ನೋಡ್ತೀವಿ. ಸೋಮವಾರ ಬೆಳಿಗ್ಗೆ ಏನೋ ಒಂದು ಓಡಲ್ಲ. ಯಾಕಂದ್ರೆ ಪಟ್ಟಿಯಲ್ಲಿ ಇಲ್ಲದ ಯಾವುದೋ ಸಂಬಂಧ ಹಳೇ ಜಾಗದಲ್ಲೇ ಉಳಿದಿರುತ್ತೆ. ಕನ್ನಂಬಾಡಿ ಗುಡಿಯ ಕಲ್ಲಿಗೆಲ್ಲ ನಂಬರ್ ಬಿತ್ತು. ಗುಡಿ ಸುತ್ತಲ ಬೀದಿ, ತೇರು ತಿರುಗುವ ಮೂಲೆ, ಯಾರ ಮನೆ ಜಗಲಿಯಿಂದ ಯಾವ ಕಂಬ ಕಾಣುತ್ತಿತ್ತು ಅನ್ನುವುದಕ್ಕೆ ಬೀಳಲಿಲ್ಲ, ಬೀಳುವುದಕ್ಕೂ ಆಗುತ್ತಿರಲಿಲ್ಲ. ಹಾಗಂತ ಸೆರ್ರಾನ ಹಾಗೆ, ಜಾಗ ಹೋಯಿತು ಅಂದ್ರೆ ಎಲ್ಲ ಹೋಯಿತು ಅನ್ನಲು ನನಗೆ ಮನಸ್ಸಿಲ್ಲ. ನೀರಲ್ಲಿ ಕರಗುವುದಕ್ಕಿಂತ ದಡದಲ್ಲಿ ನಿಂತಿರುವುದು ಮೇಲು. ಅದು ಬೇರೆ ಗುಡಿಯೇ ಹೌದು, ಅಷ್ಟನ್ನು ಒಪ್ಪಿಕೊಂಡರೆ ಸಾಕು ಅನ್ನಿಸುತ್ತೆ.

ಹಳ್ಳಿಯವರಿಗೆ ಈ ಗೊಂದಲವೇ ಇಲ್ಲ. ಹಬ್ಬಕ್ಕೆ ಹಾಕುವ ಹಸಿರು ಚಪ್ಪರ, ಮಾವಿನ ತೋರಣ, ಪೂಜಾ ಕುಣಿತದವರು ತಲೆ ಮೇಲೆ ಹೊರುವ ಬಿದಿರಿನ ಚೌಕಟ್ಟಿನ ಅಲಂಕಾರ, ಎಲ್ಲ ಮಾಡುವವರು ಊರವರೇ. ಯಾರು ಗರಿ ತರಬೇಕು, ಯಾರು ಕಟ್ಟಬೇಕು ಅನ್ನೋದು ಮನೆತನದ ಮೇಲೆ ಗೊತ್ತುಮಾಡಿದ್ದು. ಅದರಲ್ಲಿ ಜಾತಿಯ ಲೆಕ್ಕವೂ ಇತ್ತು, ಸುಮ್ಮನೆ ಸಿಹಿಯಾಗಿ ಹೇಳಿ ಮುಗಿಸುವ ವಿಷಯ ಅದಲ್ಲ. ಹಬ್ಬ ಮುಗಿದ ಮಾರನೇ ದಿನ ಚಪ್ಪರ ಬಿಚ್ಚುತ್ತಾರೆ, ಮುಂದಿನ ವರ್ಷ ಹೊಸದು.

ಬೆಂಗಳೂರಿನಲ್ಲಿ 1999ರಲ್ಲಿ ಕಲಾವಿದೆ ಪುಷ್ಪಮಾಲಾ ಎನ್. ಅವರು ಸಾರ್ವಜನಿಕ ಜಾಗಗಳಲ್ಲಿ ಕಲೆ ಮಾಡುವ ಯೋಜನೆ ನಡೆಸಿದಾಗ ಅದಕ್ಕೆ ‘ಸ್ಥಳಪುರಾಣಗಳು’ ಅಂತ ಹೆಸರಿಟ್ಟರು. ಎಂಥಾ ಹೆಸರು! ಸೈಟ್ ಸ್ಪೆಸಿಫಿಕ್‌ಗೆ ಕನ್ನಡ ಪದ ಹುಡುಕುವವರು ಇದನ್ನೇ ಇಟ್ಟುಕೊಳ್ಳಬಹುದು. 2003ರಲ್ಲಿ ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಶಾಂತಿನಗರದಲ್ಲಿ ‘1ಶಾಂತಿರೋಡ್’ ಶುರುಮಾಡಿದರು. ಮನೆಯೂ ಅದೇ, ಸ್ಟುಡಿಯೋನೂ ಅದೇ, ಗ್ಯಾಲರಿನೂ ಅದೇ. ವಾಸ್ತುಶಿಲ್ಪಿ ಮೀತಾ ಜೈನ್ ಅದನ್ನು ಅಲ್ಲಿದ್ದ ಬಾದಾಮಿ ಮರದ ಸುತ್ತ ಕಟ್ಟಿದರು. ಸೈಟಿನಲ್ಲಿ ಮರ ಇದ್ರೆ ಮೊದಲು ಕೊಡಲಿ ತರಿಸುವ ಊರಲ್ಲಿ, ಮರವನ್ನೇ ಸೈಟು ಅಂದುಕೊಂಡು ಮನೆ ಕಟ್ಟಿದ್ದಾರೆ. ದೇಶ ವಿದೇಶದ ಎಷ್ಟೋ ಕಲಾವಿದರು ಅಲ್ಲಿ ಬಂದು ಉಳಿದು ಕೆಲಸ ಮಾಡಿದ್ದಾರೆ.

ಇದೆಲ್ಲಕ್ಕೂ ತಿರುಗಾಮುರುಗಾ ಒಂದು ಕೇಸಿದೆ. ಮೈಸೂರಿನ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ಇಟ್ಟದ್ದು ನಿಮಗೆ ನೆನಪಿರಬಹುದು. ಹನ್ನೆರಡು ಅಡಿಯ ಗುಂಡಿ, ಹಸಿರು ಬಣ್ಣದ ನೀರು, ಅದರಲ್ಲಿ ಮೊಸಳೆ. ಪೇಪರಿನಲ್ಲಿ ಬಂದದ್ದೇ ತಡ, ಪಾಲಿಕೆಯವರು ಓಡಿ ಬಂದು ಗುಂಡಿ ಮುಚ್ಚಿದರು. ಅವರ ಕಲೆ ಗೆದ್ದಿತು ಅಂತ ಗೊತ್ತಾಗುವುದೇ ಅದರ ಜಾಗ ಇಲ್ಲವಾದಾಗ. ಸೆರ್ರಾನ ವಾದ ಅಲ್ಲಿ ಪೂರ್ತಿ ತಲೆಕೆಳಗು.

ಕನ್ನಂಬಾಡಿಯ ಆ ಗುಡಿ ಈಗ ವೀಕೆಂಡ್ ಡ್ರೈವ್‌ನವರ ಜಾಗ ಆಗಿಬಿಟ್ಟಿದೆ. ಸಂಜೆ ಹೊತ್ತಿಗೆ ಹಿನ್ನೀರಿನ ಕಡೆ ಬೆನ್ನು ಹಾಕಿ, ಗೋಡೆ ಬರುವ ಹಾಗೆ ಸೆಲ್ಫಿ ತಗೋತಾರೆ. ನೀವು ಹೋದರೆ ಒಂದು ಸಲ ಈ ಕಡೆ ತಿರುಗಿ ನೀರನ್ನೂ ನೋಡಿ. ಹಳೇ ಸೈಟು ಅಲ್ಲಿದೆ. ಆಮೇಲೆ ಟೈಮಿದ್ರೆ ಕೆ.ಆರ್. ಪೇಟೆ ಕಡೆ ಗಾಡಿ ತಿರುಗಿಸಿ, ಹೊಸಹೊಳಲಿಗೆ ಬನ್ನಿ. ಅಲ್ಲಿ ರಶ್ ಇರಲ್ಲ, ಜಗಲಿ ಮೇಲೆ ಆರಾಮಾಗಿ ಒಂದು ಸುತ್ತು ಬರಬಹುದು.